ಕೆಂಪು ಹಿಡಿ

ಪಲ್ಲಡದ ಹತ್ತಿರ, ಮುಚ್ಚಿಹೋದ ನೂಲಿನ ಗಿರಣಿಯ ಶೆಡ್ಡಿನಲ್ಲಿ ನನಗೆ ಪ್ಯಾರಾಚೂಟ್ ತರಬೇತಿ ನಡೆದಿತ್ತು. ಮರುದಿನವೇ ನನ್ನ ಮೊದಲ ಜಿಗಿತ. ತೊಲೆಯಿಂದ ಬೆಲ್ಟಿನ ಜೋಲಿಗಳೆರಡು ಇಳಿಬಿದ್ದಿದ್ದವು. ಒಂದರಲ್ಲಿ ನಾನು ನೇತಾಡುತ್ತಿದ್ದೆ, ಇನ್ನೊಂದು ಖಾಲಿ.

"ಪ್ಯಾರಾಚೂಟ್ ಸುತ್ತಿಕೊಂಡ್ರೆ ಕೆಂಪು ಹಿಡಿ ಎಳೆದು ಅದನ್ನ ಕಳಚಿಬಿಡಿ. ಆಮೇಲೆ ಬೆಳ್ಳಿ ಹಿಡಿ ಎಳೀರಿ, ಎರಡನೇದು ಬಿಚ್ಚುತ್ತೆ," ಎಂದು ತಮಿಳಿನಲ್ಲಿ ಹೇಳಿಕೊಟ್ಟು, ತರಬೇತುದಾರ ಶರವಣನ್ ಊಟ ತರಲು ಹೋದರು. ನಾನು ಕಣ್ಣು ಮುಚ್ಚಿ ಅಭ್ಯಾಸ ಮುಂದುವರಿಸಿದೆ.

ಆ ಮಧ್ಯಾಹ್ನದ ಸೆಕೆಯಲ್ಲಿ ಕಾಲಡಿಯಿಂದ ತಣ್ಣನೆಯ ಗಾಳಿ ನುಗ್ಗಿತು. ಬಟ್ಟೆ ಪಟಪಟ ಬಡಿದುಕೊಂಡಿತು. ಪಕ್ಕದ ಜೋಲಿಯ ಪಟ್ಟಿಗಳು ಭಾರಕ್ಕೆ ಕಿರುಗುಟ್ಟಿದವು. ತಮಿಳು ಬೆರೆತ ನಮ್ಮ ಮನೆಯ ಕನ್ನಡದಲ್ಲೇ ಹೆಣ್ಣುದನಿಯೊಂದು ಕೂಗಿತು: "ಅಕ್ಕಾ, ಕೆಂಪುದು ಬರ್ತಿಲ್ಲ. ಸೀಕ್ರಂ, ಬೇಗ ಎಳಿ!"

ಕಣ್ಣು ಬಿಡಲು ಧೈರ್ಯ ಬರಲಿಲ್ಲ. ಪಕ್ಕಕ್ಕೆ ಕೈಚಾಚಿ ಸಿಕ್ಕಿದ್ದನ್ನು ಜಗ್ಗಿದೆ. ಒದ್ದೆ ಹಿಡಿಯೊಂದು ಕಿತ್ತು ಬಂತು. ಸದ್ದೆಲ್ಲ ಒಮ್ಮೆಲೇ ನಿಂತಿತು.

ವಾಪಸು ಬಂದ ಶರವಣನ್ ನನ್ನ ಕೈಯಲ್ಲಿದ್ದ ಕೆಂಪು ಹಿಡಿಯನ್ನೇ ನೋಡಿದರು. "ಇದು ಯಾರದ್ದು ಮೇಡಂ? ನಿಮ್ಮದು ಎದೆ ಮೇಲೇ ಇದೆ. ಆ ಜೋಲಿಗೆ ನಾವು ಹಿಡಿಯೇ ಹೊಲಿದಿಲ್ಲ."

ನಾನು ಜಿಗಿಯಲಿಲ್ಲ. ಆ ಹಿಡಿಯನ್ನು ಪೀಳಮೇಡಿನ ನಮ್ಮ ಮನೆಯ ತಾರಸಿಯಲ್ಲಿ, ಹನ್ನೊಂದು ದಿನದಿಂದ ಬಿಸಿಲಿಗೆ ಹಾಕಿದ್ದೇನೆ. ಇನ್ನೂ ಒಣಗಿಲ್ಲ.