ನೋವಿಗೆ ಬಾಯಿ ಕೊಟ್ಟ ಪಟ್ಟಿ

ಹೊಟ್ಟೆಗೆ ಪಟ್ಟಿ ಬಿಗಿದದ್ದೇ ತಡ, ಅದಕ್ಕೆ ಜೋಡಿಸಿದ ಪೆಟ್ಟಿಗೆ ನೂರು ಮಗ್ಗ ಒಮ್ಮೆಗೇ ಓಡಿದಂತೆ ಒದರಿತು. ಗುಳೇದಗುಡ್ಡದ ಕಾಗೆಗಳೆಲ್ಲ ಎದ್ದು ಬಾದಾಮಿಗೆ ಹಾರಿಹೋದವು. ಹೊಟ್ಟೆ ಹಿಡಿದುಕೊಂಡೇ ನೀಲಗಂಗವ್ವ ನಕ್ಕಳು.

"ಕೇಳ್ರಿ ಅತ್ತಿ! ಇನ್ನೂ ನಾಟಕ ಅಂತೀರೇನು?"

ಪೆಟ್ಟಿಗೆ ಸುಮ್ಮನಿದ್ದರೆ ನಾಳೆಯಿಂದ ಸೊಸೆ ಹೊಟ್ಟೆಯ ಸುದ್ದಿ ಎತ್ತದೆ ಮಗ್ಗಕ್ಕೆ ಕೂರಬೇಕೆಂದು ಅತ್ತೆ ಸಕ್ರವ್ವನೇ ಕರಾರು ಹಾಕಿದ್ದಳು.

ಪಟ್ಟಿ, ಅದನ್ನು ಕಟ್ಟಿ ಪಕ್ಕದಲ್ಲೇ ನಿಂತಿದ್ದ ಡಾಕ್ಟರ್ ಐಮನ್ ನದಾಫಳ ಶೋಧ. ನೋವಿನ ಸುದ್ದಿಯನ್ನು ನರಗಳು ಸಣ್ಣ ವಿದ್ಯುತ್ ಮಿಡಿತಗಳಾಗಿ ಮಿದುಳಿಗೆ ಒಯ್ಯುತ್ತವೆ. ಪಟ್ಟಿ ಆ ಮಿಡಿತಗಳನ್ನು ನಡುದಾರಿಯಲ್ಲಿ ಹಿಡಿದು ಪೆಟ್ಟಿಗೆಯಲ್ಲಿ ಸದ್ದು ಮಾಡುತ್ತದೆ. ಮೊದಲು ನೋವಿಲ್ಲದ ಸಕ್ರವ್ವನಿಗೇ ಕಟ್ಟಿದಾಗ ಸೊಳ್ಳೆಯಷ್ಟೂ ಸದ್ದಾಗಿರಲಿಲ್ಲ.

ವರ್ಷಗಟ್ಟಲೆ ನೀಲಗಂಗವ್ವ ತಿರುಗದ ಆಸ್ಪತ್ರೆಯಿಲ್ಲ, ನುಂಗದ ಗುಳಿಗೆಯಿಲ್ಲ. ರಿಪೋರ್ಟು ಮಾತ್ರ ಎಲ್ಲ ಕಡೆಯೂ 'ನಾರ್ಮಲ್'. ಮೈದುನನ ಹೆಂಡತಿ ಮಹಾನಂದಾಳ ಅದೃಷ್ಟವೇ ಬೇರೆ. ಆಕೆಯ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಕಡಲೆಯಷ್ಟಿದ್ದ ಕಲ್ಲು ಓಣಿ ದಾಟುವಷ್ಟರಲ್ಲಿ ತೆಂಗಿನಕಾಯಿಯಷ್ಟಾಯಿತು. ನೋಡಬಂದವರು ತಂದ ಎಳನೀರಿನ ಹೊಳೆ ಹರಿಯಿತು. ಆಪರೇಷನ್ ಆದಮೇಲೆ ಸಕ್ರವ್ವ ಹಸಿರು ಸೀರೆ ಉಡಿಸಿ, ಐದು ಮುತ್ತೈದೆಯರನ್ನು ಕರೆದು ಉಡಿ ತುಂಬಿಸಿ, "ನನ್ನ ಸೊಸಿ ಬ್ಯಾನಿ ಹೋತು" ಎಂದು ಊರಿಗೆಲ್ಲ ಸಾರಿದಳು. ಅಂದು ಮೂಲೆಯಲ್ಲಿ ಕೂತು ತನಗೂ ಒಂದು ಕಲ್ಲು ಕೊಡು ಎಂದು ಹರಕೆ ಹೊತ್ತವಳು ಮೂರು ಲೋಕದಲ್ಲಿ ನೀಲಗಂಗವ್ವ ಒಬ್ಬಳೇ.

ಇವತ್ತು ಆ ಸೀರೆಯ ಸೇಡು ತೀರಬೇಕಿತ್ತು.

"ಡಾಕ್ಟರವ್ವಾ, ಈಗ ನಮ್ಮ ಮಾರಾಣಿಗೆ ಕಟ್ರಿ. ಯಾರದು ದೊಡ್ಡ ಬ್ಯಾನಿ, ಮಂದಿ ಕೇಳ್ಲಿ."

"ನನಗ್ಯಾಕ? ನಾ ಆರಾಮ ಅದೀನಿ," ಮಹಾನಂದಾ ಹಿಂದೆ ಸರಿದಳು.

"ಅಂಜ್ತಿ ಯಾಕ? ಕಟ್ಟಿಸ್ಕೊ!" ಎಂದು ನೀಲಗಂಗವ್ವ ಬಿಡದೆ ಪಟ್ಟಿ ಕಟ್ಟಿಸಿದಳು.

ಪೆಟ್ಟಿಗೆ ಒದರಿತು. ನೀಲಗಂಗವ್ವನದಕ್ಕಿಂತ ಜೋರಾಗಿ.

"ಕಲ್ಲು ತಗದಾರಲ್ಲ! ಮತ್ತ ಇದೇನು?" ಸಕ್ರವ್ವ ಚೀರಿದಳು.

"ತಗದ್ರೂ ಬ್ಯಾನಿ ಹೋಗಿಲ್ರಿ ಅತ್ತಿ." ಮಹಾನಂದಾ ತಲೆ ತಗ್ಗಿಸಿದಳು. "ನೀವು ಉಡಿ ತುಂಬಿ ಆರಾಮ ಆತು ಅಂದ್ರಿ. ಆಮ್ಯಾಲೆ ಹೆಂಗ ಹೇಳ್ಲಿ? ಅಕ್ಕಾ, ನಿನ್ನ ಪುಣ್ಯ ನೋಡಿ ಕುದೀತಿದ್ದೆ. ನೀ ಓಣಿ ತುಂಬ ಒದರಕೋತ ಅಡ್ಡಾಡ್ತಿದ್ದಿ. ನನಗ ನರಳಾಕೂ ದಾರಿ ಇರಲಿಲ್ಲ."

ನೀಲಗಂಗವ್ವ ತಾನೇ ಕೈಯಾರೆ ಪಟ್ಟಿ ಬಿಚ್ಚಿ, ತಂಗಿಯನ್ನು ತನ್ನ ಚಾಪೆಯ ಮೇಲೆ ಕೂರಿಸಿಕೊಂಡಳು.

"ಕಾರಣ ಏನವ್ವಾ ಇದಕ್ಕ?" ಸಕ್ರವ್ವ ಡಾಕ್ಟರ್ ಕಡೆ ತಿರುಗಿ ಕೇಳಿದಳು.

"ಇಬ್ಬರದೂ ಗೊತ್ತಿಲ್ಲಜ್ಜಿ, ಇನ್ನೂ ಹುಡುಕಬೇಕು. ಬ್ಯಾನಿ ಖರೆ ಅನ್ನೂದಷ್ಟ ಪೆಟ್ಟಿಗಿಗೆ ಗೊತ್ತು."

"ನಾ ಸೊಸಿಯಾಗಿ ಬಂದಾಗ, ನಲವತ್ತು ವರ್ಷದ ಹಿಂದ ಎರಡ್ ಸಾವಿರದ ಇಪ್ಪತ್ತರಾಗ, ಇಂಥಾ ಪೆಟ್ಟಿಗಿ ಎಲ್ಲಿತ್ತು? ಇನ್ನೊಬ್ಬರ ಹೊಟ್ಟಿ ಒಳಗಿಂದು ನಮಗ ಹೆಂಗ ತಿಳೀಬೇಕು?"

"ಬ್ಯಾನಿ ಇದ್ದಾವ್ರು ಬಾಯಿಲೆ ಹೇಳ್ತಿರಲಿಲ್ಲೇನಜ್ಜಿ?"

ಸಕ್ರವ್ವ ಸೊಸೆಯರಿಬ್ಬರನ್ನೂ ನೋಡಿದಳು.

"ಹೇಳ್ತಿದ್ರು," ಎಂದಳು.