ಓದದೇ ಹಾಕಿದ ಸಹಿ

"ಹನ್ನೊಂದು!"

ಗೋಡೆಯಲ್ಲಿದ್ದ ಮೊಳೆ ತೂತುಗಳನ್ನು ಎಣಿಸಿ ಮನೆ ಓನರ್ ಕಾಗದದಲ್ಲಿ ಬರೆದುಕೊಂಡ.

ಅಂದೇ ಆ ಬಾಡಿಗೆ ಮನೆಗೆ ಬಂದಿದ್ದ ಟೈಲರ್ ಹುಡುಗಿಗೆ ಮೈಯೆಲ್ಲ ಉರಿಯಿತು.

"ರೀ ಓನರ್ರೇ, ನಾವೇನು ನಿಮ್ಮ ಗೋಡೆ ಕಿತ್ಕೊಂಡು ಹೋಗ್ತೀವಾ?"

"ಹಾಗಲ್ಲ ಮೇಡಂ... ಮನೆ ಈಗ ಹೇಗಿದೆ ಅನ್ನೋ ಪಟ್ಟಿ, ಎರಡು ಪುಟ ಇದೆ. ಓದಿ ಸಹಿ ಹಾಕಿ. ನಿಮಗೇ ಒಳ್ಳೇದು."

ಇವನ ಅನುಮಾನದ ಪಟ್ಟೀನ ಬೇರೆ ಓದ್ಬೇಕಾ! ಅವಳು ಪಟಪಟನೆ ಸಹಿ ಗೀಚಿ, ತನ್ನ ಪ್ರತಿಯನ್ನು ಹೊಲಿಗೆ ಮಷಿನ್ನಿನ ಡ್ರಾಯರಿಗೆ ತುರುಕಿದಳು. ಅಂದಿನಿಂದ ಅಮ್ಮ ಮಗಳಿಬ್ಬರ ಬಾಯಲ್ಲೂ ಅವನು 'ಪಟ್ಟಿ ಸಾಹೇಬ'.

ಆದರೆ ಸಾಹೇಬ ಫೋನ್ ಮಾಡದೆ ಒಮ್ಮೆಯೂ ಬರಲಿಲ್ಲ. ನಲ್ಲಿ ಸೋರಿದರೆ ಅಂದೇ ಬಂದು ರಿಪೇರಿ ಮಾಡುತ್ತಿದ್ದ. ಅಮ್ಮನ ಮಂಡಿನೋವು ನೋಡಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿಕೊಟ್ಟ.

'ಛೇ... ಒಳ್ಳೆಯವನ ಥರಾನೇ ಕಾಣ್ತಾನಲ್ಲ!' ಅವಳ ಮನಸ್ಸು ಮೆಲ್ಲಗೆ ಕರಗತೊಡಗಿತು.

ಅಷ್ಟರಲ್ಲೇ ಮಲಗುವ ಕೋಣೆಯ ಗೋಡೆಯಲ್ಲಿ ತೇವ ಕಾಣಿಸಿತು. ಹಿಂದೆ ಇದ್ದ ಬಾಡಿಗೆ ಮನೆಯ ಓನರು ಇದೇ ಕಾರಣಕ್ಕೆ, ಗೋಡೆ ಹಾಳು ಮಾಡಿದ್ರಿ ಅಂತ ಇವರನ್ನು ಓಡಿಸಿದ್ದರು. ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ. ಕೆಳಗಿನ ಮನೆ ಮತ್ತೆ ಸಿಗೋದು ಅಷ್ಟು ಸುಲಭವೇ? ಬೀರುವನ್ನು ತಳ್ಳಿ ಗೋಡೆಗೆ ಅಡ್ಡ ನಿಲ್ಲಿಸಿಬಿಟ್ಟಳು ಹುಚ್ಚಿ!

ಮೂರು ತಿಂಗಳಾದ ಮೇಲೆ ಮನೆ ನೋಡಲು ಬಂದವನು ಮೂಗರಳಿಸಿದ.

"ಏನೋ ಮುಗ್ಗಲು ವಾಸನೆ..."

"ನಾನೇನೂ ಮಾಡಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಬೀರು ಸರಿಸಿದ. ಗೋಡೆ ಕಪ್ಪಗೆ ಊದಿಕೊಂಡಿತ್ತು.

"ಯಾಕ್ರೀ ಮುಚ್ಚಿಟ್ರಿ?"

"ಖಾಲಿ ಮಾಡಿ ಅಂತೀರಲ್ಲ, ಅದಕ್ಕೆ!" ಅವಳಿಗೆ ಅಳು ತಡೆಯಲಾಗಲಿಲ್ಲ. "ಅಮ್ಮನ ಮುಖ ನೋಡಿ ಒಂದು ತಿಂಗಳಾದ್ರೂ ಟೈಮ್ ಕೊಡಿ..."

"ನಿಮ್ಮ ಪ್ರತಿ ತನ್ನಿ."

ಮುದುರಿದ್ದ ಕಾಗದದ ಎರಡನೇ ಪುಟವನ್ನು ಅವನು ಬಿಡಿಸಿ ತೋರಿಸಿದ.

'ಮಲಗುವ ಕೋಣೆಯ ಗೋಡೆ: ಹಳೆಯ ತೇವ. ಮತ್ತೆ ಕಂಡರೆ ಕೂಡಲೇ ತಿಳಿಸಬೇಕು. ರಿಪೇರಿ ಓನರದ್ದು. ಬಾಡಿಗೆಯವರ ತಪ್ಪಲ್ಲ.'

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಚಿಕ್ಕವನಿದ್ದಾಗ, ನಾವು ಮಾಡದ ಬಿರುಕಿಗೆ ನನ್ನನ್ನೂ ಅಮ್ಮನನ್ನೂ ಮನೆಯಿಂದ ಹೊರಗೆ ಹಾಕಿದ್ರು. ನನ್ನ ಮನೇಲಿ ಯಾರಿಗೂ ಹಾಗಾಗಬಾರ್ದು ಅಂತಾನೇ ರೀ ಈ ಪಟ್ಟಿ!"

'ಅಯ್ಯೋ... ಇಂಥವನನ್ನಾ ನಾನು ಬೈದಿದ್ದು!'

ಮರುದಿನವೇ ಗೋಡೆ ಒಡೆಸಿ ಸೋರುತ್ತಿದ್ದ ಪೈಪು ಬದಲಾಯಿಸಿದ. ಗೋಡೆ ಒಣಗಲು ಮೂರು ವಾರ ಬೇಕಿತ್ತು. ಅವನು ದಿನಾ ಬಂದ, ದಿನಾ ಟೀ ಕುಡಿದ.

"ಗೋಡೆ ಒಣಗೋದನ್ನ ಇಷ್ಟು ಆಸೆಯಿಂದ ನೋಡೋರನ್ನ ನಾನು ಕಂಡೇ ಇರಲಿಲ್ಲಪ್ಪಾ!" ಅಮ್ಮ ನಕ್ಕರು. ಮಗಳು ಕೆಂಪಾಗಿ ಬಟ್ಟೆ ತಲೆಕೆಳಗಾಗಿ ಹೊಲಿದಳು.

ಬಣ್ಣ ಬಳಿದ ದಿನ ಅವನು ಹೊಸ ಪಟ್ಟಿ ಕೊಟ್ಟ.

ಅವಳು ಕುಳಿತು ಒಂದೊಂದೇ ಸಾಲು ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು.

'ಓನರ್ ಹೃದಯ: ಟೈಲರಮ್ಮನ ಪಾಲಾಗಿದೆ. ರಿಪೇರಿ ಆಗುವುದಿಲ್ಲ.'

"ಇದು... ಯಾವಾಗಿನ ಡ್ಯಾಮೇಜು?"

"ಮೊದಲ ದಿನದ್ದೇ. ಅವತ್ತು ತೂತು ಹನ್ನೆರಡಿತ್ತು ರೀ... ನಿಮ್ಮನ್ನ ನೋಡ್ತಾ ಒಂದು ಎಣಿಸೋದೇ ಮರೆತೆ."

ಅವಳು ಕಣ್ಣೊರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು.

"ಕೊಡಿ ಇಲ್ಲಿ. ಈ ಸಲ ಪೂರ್ತಿ ಓದಿದ್ದೀನಿ."