ಆರ್ಗನ್ನಿನ ಕೆಳಗಿನ ತೊಲೆ

ಕೀರ್ತನೆಯ ನಡುವೆಯೇ ಆರ್ಗನ್ನಿನ ಉಸಿರು ನಿಂತುಹೋಯಿತು.

ನುಡಿಸುತ್ತಿದ್ದ ಅವಳು ಬೆಚ್ಚಿ ತಿರುಗಿದಳು. ಚರ್ಚಿನ ಮಹಡಿಯ ಮೆಟ್ಟಿಲ ಬಳಿ ಅಪರಿಚಿತನೊಬ್ಬ ಗಾಳಿ ತುಂಬುವ ಮೋಟಾರಿನ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ.

"ಎದ್ದು ಬನ್ನಿ. ನಿಧಾನವಾಗಿ, ಗೋಡೆ ಪಕ್ಕದಿಂದ."

"ಯಾರ್ರೀ ನೀವು? ಮೋಟಾರ್ ಆಫ್ ಮಾಡೋಕೆ ಯಾರು ಹೇಳಿದ್ದು?"

"ಬೈಯೋದಿದ್ರೆ ಕೆಳಗೆ ಬಂದು ಬೈರಿ. ನಿಮ್ಮ ಕಾಲ ಕೆಳಗಿನ ತೊಲೆ ಕೊಳೆತಿದೆ."

ಹಳೇ ಕಟ್ಟಡಗಳನ್ನು ಸರಿಪಡಿಸುವ ಎಂಜಿನಿಯರ್ ಅವನು. ಚರ್ಚನ್ನು ಪರೀಕ್ಷಿಸಲು ಸಭಾಪಾಲಕರಾದ ಪಾದ್ರಿಯೇ ಕರೆಸಿದ್ದರು. ಕೆಳಗೆ ಬಂದವಳು ಬೈಯಲಿಲ್ಲ. ತಲೆಯೆತ್ತಿ ಆ ತೊಲೆಯನ್ನೇ ನೋಡಿದಳು.

ಆ ಚರ್ಚು ಕಟ್ಟಿದವರು ಆರ್ಗನ್ನಿನ ಯೋಚನೆಯನ್ನೇ ಮಾಡಿರಲಿಲ್ಲ. ಬರೀ ಸುಣ್ಣದ ಗೋಡೆ. ಒಂದು ಚಿತ್ರವಿಲ್ಲ, ಪ್ರತಿಮೆಯಿಲ್ಲ. ಎಲ್ಲ ಬೆಂಚುಗಳೂ ಎತ್ತರದ ಬೋಧನಾಪೀಠದತ್ತ ಮುಖಮಾಡಿದ್ದವು. ದೇವರನ್ನು ಹಾಡಿ ಹೊಗಳಲು ಮನುಷ್ಯರ ಗಂಟಲೇ ಸಾಕು ಎಂಬುದು ಅವರ ಹಟ. ಮೊಮ್ಮಕ್ಕಳ ಕಾಲಕ್ಕೆ ಆರ್ಗನ್ ಬಂದಾಗ ಅರ್ಧ ಸಭೆ ಮುನಿಸಿಕೊಂಡು ಎದ್ದುಹೋಯಿತಂತೆ. ಉಳಿದವರು, ಜನ ಕೂರಲೆಂದು ಮಾಡಿದ್ದ ಮರದ ಮಹಡಿಯ ಮೇಲೆ, ಗುಂಡು ಕಿಟಕಿಗೆ ಅಡ್ಡವಾಗಿ ಅದನ್ನು ನಿಲ್ಲಿಸಿಬಿಟ್ಟರು. ತೊಲೆಯನ್ನು ಯಾರೂ ಕೇಳಲಿಲ್ಲ.

ಅಪ್ಪ ತೀರಿಕೊಳ್ಳುವವರೆಗೆ ನುಡಿಸಿದ್ದು ಅದನ್ನೇ. ಈಗ ಅದು ಅವಳ ಪಾಲಿಗೆ ಬಂದಿತ್ತು. ಅಪ್ಪ ಇನ್ನೂ ಉಳಿದಿರುವುದು ಅಲ್ಲೊಂದೇ ಕಡೆ ಎಂದು ಅವಳಿಗೆ ಅನಿಸುತ್ತಿತ್ತು.

ಎಂಜಿನಿಯರ್ ಮಹಡಿಗೆ ಕಬ್ಬಿಣದ ಕಂಬಗಳ ಆಸರೆ ಕೊಟ್ಟ. ಆಮೇಲೆ ದಿನವೂ ಸಂಜೆ ಒಂದು ವಿಚಿತ್ರ ಕೆಲಸ. ಅವಳು ಆರ್ಗನ್ನಿನ ಅತಿ ಕೆಳಗಿನ ಸ್ವರವನ್ನು ಒತ್ತಿ ಹಿಡಿಯಬೇಕು. ಅವನು ಏಣಿ ಹತ್ತಿ ತೊಲೆಗೆ ಅಂಗೈಯಿಟ್ಟು, ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಅದರ ನಡುಕದಲ್ಲೇ ಹುಡುಕುತ್ತಿದ್ದ.

"ಹಿಡೀರಿ."

ಅವಳು ಹಿಡಿಯುತ್ತಿದ್ದಳು.

"ಬಿಡಿ."

ನಡುನಡುವೆ ಅವಳ ಫ್ಲಾಸ್ಕಿನ ಚಹಾ. "ಸಕ್ಕರೆ ಜಾಸ್ತಿ" ಎನ್ನುತ್ತಲೇ ಎರಡನೇ ಲೋಟಕ್ಕೆ ಕೈಚಾಚುತ್ತಿದ್ದ. ಅವನು ಬರುವ ಹೊತ್ತಾದರೆ ಅವಳ ಕಿವಿಯೆಲ್ಲ ಬಾಗಿಲ ಕಡೆಗೇ. 'ಇದೇನಾಗ್ತಿದೆ ನನಗೆ...' ಎಂದು ತನ್ನನ್ನೇ ಗದರಿಸಿಕೊಂಡಳು. ಮನಸ್ಸು ಸೊಪ್ಪು ಹಾಕಲಿಲ್ಲ.

ಹಿರಿಯರೆಲ್ಲ ಕೆಳಗಿನ ಬೆಂಚುಗಳಲ್ಲಿ ಸಭೆ ಸೇರಿದ ದಿನ ಎಲ್ಲ ತಲೆಕೆಳಗಾಯಿತು.

"ತೊಲೆಗೆ ನೀರು ಗೋಡೆಯಿಂದ ಇಳಿದಿರಬೇಕು," ಎಂದರು ಸಭಾಪಾಲಕರು. "ಆ ಗೋಡೆ ಪೂರ್ತಿ ಬಿಚ್ಚಿ ಕಟ್ಟಬೇಕು. ಅಷ್ಟು ದುಡ್ಡಿಗೆ ಆರ್ಗನ್ ಮಾರದೆ ದಾರಿ ಇಲ್ಲ. ಏನಂತೀರಿ?"

ಎಂಜಿನಿಯರ್ ಅವಳತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ. "ಆರ್ಗನ್ ಮಹಡಿಯಿಂದ ಇಳೀಲೇಬೇಕು. ನೀರಿನ ವಿಷಯ... ಸ್ವಲ್ಪ ಹೊತ್ತು ಕೊಡಿ."

ಅವಳ ಮೈಯೆಲ್ಲ ಉರಿಯಿತು. "ಇಷ್ಟು ದಿನ ನನ್ನ ಕೈಯಲ್ಲೇ ನುಡಿಸಿ, ಅದಕ್ಕೇ ಗುಂಡಿ ತೋಡಿದ್ರಲ್ಲ. ನಿಮ್ಮನ್ನ ನಂಬಿದ್ದೆ ನಾನು."

ಆರ್ಗನ್ನಿನ ಪೆಡಲ್ ತುಳಿಯಲು ಅಪ್ಪ ಹಾಕಿಕೊಳ್ಳುತ್ತಿದ್ದ ಬೂಟುಗಳನ್ನು ಎತ್ತಿಕೊಂಡು ಹೊರಟೇಹೋಗಬೇಕೆಂದು ಅವಳು ಮಹಡಿಗೆ ಓಡಿದಳು. ಅವಿದ್ದದ್ದು ಆರ್ಗನ್ನಿನ ಹಿಂದೆ, ನೀರಿನ ಬಕೆಟ್ಟುಗಳ ಪಕ್ಕ. ಬಿಸಿಲಿಗೆ ಮರ ಒಣಗಿ ಬಿರುಕು ಬಿಟ್ಟರೆ ಗಾಳಿ ಸೋರುತ್ತದೆಂದು ಅಪ್ಪ ಅಲ್ಲೊಂದು ಬೋಗುಣಿ ನೀರಿಡುತ್ತಿದ್ದರು. ಅಪ್ಪ ಹೋದಮೇಲೆ ಅವಳು ಬಕೆಟ್ಟುಗಳನ್ನೇ ಇಟ್ಟು, ಅಂಚಿನ ಮೇಲೆ ಒದ್ದೆ ಬಟ್ಟೆ ಇಳಿಬಿಟ್ಟಿದ್ದಳು. ಪ್ರೀತಿ ಹೆಚ್ಚಾಗಿತ್ತು, ಅಷ್ಟೆ.

ಬೂಟು ಒದ್ದೆಯಾಗಿತ್ತು. ಬಟ್ಟೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಕೆಟ್ ಸರಿಸಿದಳು. ಹಲಗೆ ಕಪ್ಪಗಾಗಿತ್ತು. ಒತ್ತಿದರೆ ಬೆರಳು ಒಳಗೆ ಹೋಯಿತು.

'ಅಯ್ಯೋ... ನಾನೇ.'

ಹಿಂದೆ ಅವನು ಬಂದು ನಿಂತದ್ದು ತಿಳಿಯಿತು. "ಗೊತ್ತಿತ್ತಾ ನಿಮಗೆ?" ಎಂದಳು.

"ಇವತ್ತು ಬೆಳಿಗ್ಗೆ ಗೊತ್ತಾಯ್ತು. ಗೋಡೆ ಒಣಗೇ ಇದೆ. ಅದನ್ನ ಹೇಳಿದ್ರೆ ಆರ್ಗನ್ ಮಾರೋ ಮಾತೇ ಬರಲ್ಲ. ಆದ್ರೆ ನಿಮ್ಮನ್ನ ಮತ್ತೆ ಇಲ್ಲಿ ಕೂರಿಸ್ತಾರಾ? ಎಲ್ಲರ ಎದುರು ಹೇಳೋ ಮುಂಚೆ ನಿಮಗೆ ಹೇಳ್ಬೇಕಿತ್ತು."

"ಬೈದುಬಿಟ್ಟೆನಲ್ಲ..."

"ಕೆಳಗೆ ಬಂದು ಬೈರಿ ಅಂತ ನಾನೇ ಹೇಳಿದ್ದೆ."

ಅಳುವಿನ ನಡುವೆ ಅವಳಿಗೆ ನಗು ಬಂತು. ಕಣ್ಣೊರೆಸಿಕೊಂಡು ಎದ್ದಳು. "ನೀವು ಹೇಳ್ಬೇಡಿ. ನಾನೇ ಹೇಳ್ತೀನಿ."

ಒದ್ದೆ ಬಟ್ಟೆಯನ್ನು ಹಿರಿಯರ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅವರಲ್ಲಿ ಎಲ್ಲರಿಗಿಂತ ವಯಸ್ಸಾದ ಅಜ್ಜಿ ಆ ಬಟ್ಟೆಯನ್ನು ಕೈಗೆತ್ತಿಕೊಂಡರು.

"ನಿಮ್ಮಪ್ಪನ ಬೋಗುಣಿಗೆ ನೀರು ತಂದುಕೊಡ್ತಿದ್ದವಳು ನಾನೇ ಕಣೇ. ಹಾಗಂತ ನಿನ್ನ ತಪ್ಪು ಸಣ್ಣದಲ್ಲ. ಎಲ್ಲ ಸರಿಹೋಗೋವರೆಗೂ ನೀನು ಆರ್ಗನ್ ಮುಟ್ಟೋ ಹಾಗಿಲ್ಲ. ಆದ್ರೆ ಅದನ್ನ ಮಾರೋದೂ ಇಲ್ಲ."

ಬೋಧನಾಪೀಠದ ಪಕ್ಕ, ಕಲ್ಲುನೆಲದ ಮೇಲೆ ಆರ್ಗನ್ ಜೋಡಿಸಿ ಮುಗಿಸಿದ ದಿನ, ಎಷ್ಟೋ ತಲೆಮಾರಿನ ನಂತರ ಗುಂಡು ಕಿಟಕಿಯ ಬೆಳಕು ಬೆಂಚುಗಳ ಮೇಲೆ ಬಿದ್ದಿತ್ತು. ಅಜ್ಜಿಯೇ ಅವಳ ಕೈಹಿಡಿದು ತಂದು ಕೂರಿಸಿ, ಅವಳನ್ನೂ ಎಂಜಿನಿಯರನ್ನೂ ಬಿಟ್ಟು ಬೇಕೆಂದೇ ಹೊರಗೆ ಹೋದರು.

"ನಿಮ್ಮ ಕೆಲಸ ಮುಗೀತಲ್ಲ," ಎಂದಳು ಅವಳು, ಅವನನ್ನು ನೋಡದೆ. "ಇನ್ನು ನೀವು ಬರೋದಿಲ್ಲ."

"ಅಷ್ಟು ಸಕ್ಕರೆ ಹಾಕಿ ಅಭ್ಯಾಸ ಮಾಡಿಸಿದೀರಿ. ನಿಮ್ಮನ್ನ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ." ಅವನು ಅಂಗೈ ಚಾಚಿದ. "ಹಿಡೀರಿ."

ಅವಳು ಹಿಡಿದಳು. ಬೆರಳು ನಡುಗುತ್ತಿದ್ದುದು ಅವನಿಗೆ ತಿಳಿದೇ ಇರಬೇಕು.

"ಎಲ್ಲಿ ಟೊಳ್ಳು ಅಂತ ಹುಡುಕ್ತಿದೀರಾ?"

"ಎಲ್ಲೂ ಇಲ್ಲ."

"ಹಾಗಾದ್ರೆ 'ಬಿಡಿ' ಅಂತ ಯಾವಾಗ ಹೇಳ್ತೀರಿ?"

"ಹೇಳಲ್ಲ."